ನಗಿಸುವ ಹಾಡಿಗೆ ತಾಲೀಮು ಜಾಸ್ತಿ ಬೇಕು

ಕೊಹಿನೂರ
ತಾ. ಬಸವಕಲ್ಯಾಣ

ಚಿರಂಜೀವಿ ಮೊಮ್ಮಗನಿಗೆ ನಿನ್ನ ಮುತ್ಯಾ ಮಾಡುವ ಆಶೀರ್ವಾದಗಳು.

ತೊಗರಿ ರಾಶಿ ಮುಗಿದು ಹೊಟ್ಟು ಮನೆಗೆ ಬಂತು. ನಿನ್ನ ಆಯಿಯ ಮೊಣಕಾಲು ನೋವು ಇದ್ದ ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಚುರುಕಾಗಿದೆ. ನೀನು ಕಳಿಸಿದ ನಿಮ್ಮ ಬ್ಯಾಂಡಿನ ವಿಡಿಯೊವನ್ನು ಇಬ್ಬರೂ ಕೂಡಿ ನೋಡಿದೆವು. ಐದು ಮಂದಿ, ಇಷ್ಟೇ ಇಷ್ಟು ಕೋಣೆ, ಸದ್ದು ಹೊರಗೆ ಹೋಗದಿರಲೆಂದು ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸಿದ್ದೀರಿ. ಅದನ್ನು ನೋಡಿ ನಿನ್ನ ಆಯಿ, “ಹುಡುಗರು ಕೋಳಿ ಫಾರಂ ಹಾಕ್ಯಾರೇನು?” ಅಂತ ಕೇಳಿದಳು. ಹಾಡು ಶುರುವಾದ ಮೇಲೆ, “ಹೌದ ಬಿಡ್ರಿ, ಕೋಳಿ ಸದ್ದೂ ಬರ್ಲಿಕತ್ತದ” ಅಂದಳು. ಬೇಜಾರು ಮಾಡಿಕೊಳ್ಳಬೇಡ. ರಾತ್ರಿ ತ್ರೀಫೇಸ್ ಕರೆಂಟಿನ ಹಾಡು ಬಂದಾಗ ಅದೇ ಆಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮೋಟರು ಚಾಲೂ ಮಾಡಲು ನಡುರಾತ್ರಿ ಎದ್ದು ಹೋದ ರೈತ, ಅವನಿಗಿಂತ ಮೊದಲೇ ಬಾವಿಯ ಕಟ್ಟೆ ಮೇಲೆ ಬಂದು ಕೂತ ಹಾವು, ಇಬ್ಬರೂ ಕರೆಂಟು ಯಾವಾಗ ಬರುತ್ತದೆಂದು ಮಾತಾಡಿಕೊಳ್ಳುವುದು! ಇದು ಬರೆಯಲು ಬರುವವನ ಕೈಯಲ್ಲಿ ಮಾತ್ರ ಹುಟ್ಟುವ ಮಾತು. ಬಿ.ಇ. ಮೂರನೇ ವರ್ಷದ ಪುಸ್ತಕದಲ್ಲಿ ಇದು ಇರುವುದಿಲ್ಲ.

ಆದರೆ ನಿಮ್ಮವ್ವ ನನಗೆ ಫೋನು ಮಾಡಿದ್ದಳು. “ಮಾಮಾ, ನೀವೇ ಬುದ್ಧಿ ಹೇಳ್ರಿ, ಹುಡುಗ ಜೋಕು ಮಾಡ್ಕೊಂತ ಹಾಡು ಹೇಳ್ಕೊಂತ ಹೊಂಟಾನ” ಅಂದಳು. ಬುದ್ಧಿ ಹೇಳುತ್ತೇನೆಂದು ಒಪ್ಪಿಕೊಂಡಿದ್ದೇನೆ. ಯಾವ ಬುದ್ಧಿ ಅಂತ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬ್ಯಾಂಡು ಬಿಡು ಅಂತ ನಾನು ಹೇಳುವವನಲ್ಲ. ನಗಿಸುವ ಹಾಡೇ ಹಾಡುತ್ತೇವೆ ಅಂತ ಹೊರಟಿದ್ದೀರಲ್ಲ, ಅದು ಅಳಿಸುವ ಹಾಡಿಗಿಂತ ಕಷ್ಟದ ಕೆಲಸ, ಅದಕ್ಕೆ ತಯಾರಾಗು ಅಂತ ಹೇಳಲಿಕ್ಕೆ ಈ ಕಾಗದ.

ನಿಮ್ಮ ತ್ರೀಫೇಸ್ ಹಾಡನ್ನು ಮತ್ತೊಮ್ಮೆ ಕಿವಿಗೊಟ್ಟು ಕೇಳು. ಹಾವು ಮೊದಲ ಮಾತು ಆಡುವ ಸಾಲಿನಲ್ಲಿ ಗಿಟಾರು ಒಂದು ಮಾತ್ರೆ ಮೊದಲೇ ಬಂದು ಬಿಡುತ್ತದೆ. ಮಾತು ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ. ದುಃಖದ ಹಾಡಾಗಿದ್ದರೆ ಇಂಥದ್ದು ನಡೆದುಹೋಗುತ್ತಿತ್ತು, ಕೇಳುವವರು ರಾಗದಲ್ಲಿ ಮುಳುಗಿರುತ್ತಾರೆ, ಒಂದು ಶಬ್ದ ತಪ್ಪಿದರೂ ಕಣ್ಣೀರು ನಿಲ್ಲುವುದಿಲ್ಲ. ನಗೆ ಹಾಡಿನಲ್ಲಿ ಒಂದು ಶಬ್ದ ಕೇಳದಿದ್ದರೆ ಇಡೀ ಹಾಡೇ ಹೋಯಿತು. ಪಕ್ಕದವನನ್ನು “ಏನಂದ?” ಅಂತ ಕೇಳಿ ತಿಳಿದುಕೊಂಡು ನಗುವವರು ಯಾರಿದ್ದಾರೆ?

ಇದು ನನಗೆ ಹೇಗೆ ಗೊತ್ತೆಂದರೆ, ಮಾಸ್ತರಕಿ ಸಿಗುವ ಮೊದಲು ನಾನು ಗೀಗೀ ಮೇಳದಲ್ಲಿ ತಾಳ ಹಿಡಿದು ನಿಂತವನು. ಮೇಳ ಅಂದರೆ ಮೂರೇ ಜನ. ಮುಂದೆ ಹಾಡುವವನ ಕೈಯಲ್ಲಿ ದಪ್ಪು, ಹಿಂದೆ ಒಬ್ಬನ ಕೈಯಲ್ಲಿ ತುಂತುಣಿ, ಇನ್ನೊಬ್ಬನ ಕೈಯಲ್ಲಿ ತಾಳ. ಹರದೇಸಿ ಕಡೆಯವರು ಗಂಡು ಹೆಚ್ಚೆಂದು, ನಾಗೇಸಿ ಕಡೆಯವರು ಹೆಣ್ಣು ಹೆಚ್ಚೆಂದು ರಾತ್ರಿಯೆಲ್ಲ ಸವಾಲು-ಜವಾಬು. ಜಾತ್ರೆಯಲ್ಲಿ ಕಟ್ಟೆಯ ಹಿಂದೆ ಕಡ್ಡಿ ಕಸ ಕೂಡಿಸಿ ಬೆಂಕಿ ಮಾಡಿ ದಪ್ಪಿನ ಚರ್ಮ ಕಾಯಿಸುತ್ತಿದ್ದರು. ನಮ್ಮ ಮುಂಗಾಯಕರು ಅದನ್ನು ಬೆರಳಿನಿಂದ ತಟ್ಟಿ, ಕಿವಿಗೆ ಹಿಡಿದು, ಮತ್ತೆ ಬೆಂಕಿಗೆ ಹಿಡಿದು, “ಇನ್ನೂ ಇಲ್ಲ” ಅನ್ನುತ್ತಿದ್ದರು. ಜನ ಕೂಗುತ್ತಿದ್ದರೂ ಚರ್ಮ ಬಿಗಿಯಾಗುವವರೆಗೆ ಏಳುತ್ತಿರಲಿಲ್ಲ. ಹಾಡುವಾಗ ಎದುರಾಳಿಯ ಕಾಲೆಳೆಯುವ ಸಾಲು ಬಂತೆಂದರೆ ದಪ್ಪು ಥಟ್ಟನೆ ನಿಲ್ಲುತ್ತಿತ್ತು. ತುಂತುಣಿಯೂ ನಿಲ್ಲಬೇಕು, ತಾಳವೂ ನಿಲ್ಲಬೇಕು. ಆ ಸಾಲು ಬರೀ ಬಾಯಲ್ಲಿ ಬರುತ್ತಿತ್ತು. ಜನ ನಗುತ್ತಿದ್ದರು. ನಗೆ ಪೂರ್ತಿ ಇಳಿಯುವ ಮೊದಲೇ, ಇನ್ನೂ ಸ್ವಲ್ಪ ಉಳಿದಿರುವಾಗಲೇ ದಪ್ಪು ಮತ್ತೆ ಬೀಳಬೇಕು. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವ ಹೊತ್ತಿಗೇ ಬೆಳ್ಳುಳ್ಳಿ ಬೀಳಬೇಕಲ್ಲ, ಹಾಗೆ. ಆ ನಿಲ್ಲುವುದನ್ನೂ ಬೀಳುವುದನ್ನೂ ಮೂವರೂ ಕೂಡಿ ಕಲಿಯಲು ಒಂದು ಬ್ಯಾಸಿಗೆ ಪೂರಾ ಹಿಡಿಯಿತು. ಜನರ ಕಣ್ಣಿಗೆ ಅದು ಆಗಿಂದಾಗ್ಗೆ ಹೊಳೆದ ಮಾತಿನಂತೆ ಕಾಣುತ್ತಿತ್ತು.

ದೊಡ್ಡಾಟದಲ್ಲಿ ಸಾರಥಿಯನ್ನು ನೀನು ನೋಡಿಲ್ಲ. ರಾಜ ಕಿರೀಟ ಹೊತ್ತು ಅಬ್ಬರಿಸಿಕೊಂಡು ಬಂದರೆ, ಯಾರಪ್ಪ ನೀನು ಅಂತ ಕೇಳಿ ಅವನ ಗಾಳಿ ತೆಗೆಯುವವನು ಈ ಸಾರಥಿ. ನಾನು ಕಂಡ ಮೇಳಗಳಲ್ಲಿ ಆ ಪಾತ್ರವನ್ನು ಹೊಸಬರಿಗೆ ಕೊಡುತ್ತಿರಲಿಲ್ಲ. ಎಲ್ಲರ ಪದವೂ ಎಲ್ಲರ ಮಾತೂ ಬಾಯಿಪಾಠ ಇದ್ದವನಿಗೇ ಅದು ಮೀಸಲು. ರಾಜನ ಪಾರ್ಟು ಮಾಡಿದವನು ಮಾತು ಮರೆತರೆ ಎತ್ತಿಕೊಡುವವನೂ ಅವನೇ.

ಈಗ ನಿಮ್ಮ ಕಾಲದ ಬ್ಯಾಂಡುಗಳ ಕಡೆ ಬರೋಣ. ನಿನ್ನ ಅಕ್ಕ ನನ್ನ ಫೋನಿನಲ್ಲಿ ಯೂಟ್ಯೂಬ್ ಹಾಕಿಕೊಟ್ಟ ಮೇಲೆ ನಿದ್ದೆ ಬಾರದ ರಾತ್ರಿಗಳು ವ್ಯರ್ಥ ಆಗುತ್ತಿಲ್ಲ. ‘ಸ್ವರಾತ್ಮ’ದವರನ್ನು ಬಹಳ ಕೇಳಿದೆ. 2002ರಲ್ಲಿ ಹುಟ್ಟಿದ ಬ್ಯಾಂಡು, ಕನ್ನಡದಲ್ಲೂ ಹಿಂದಿಯಲ್ಲೂ ಹಾಡುವವರು. ಮುಂದೆ ನಿಂತು ಹಾಡುವ ವಾಸು ದೀಕ್ಷಿತ್ ಅವರ ಅಣ್ಣನೇ ರಘು ದೀಕ್ಷಿತ್. ಈ ರಘು 2008ರ ತಮ್ಮ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ಪದಗಳನ್ನು ಗಿಟಾರಿಗೆ ಕೂಡಿಸಿ ಹಾಡಿದವರು. ಸ್ವರಾತ್ಮದ ವೇದಿಕೆ ನೋಡಿದರೆ ನಮ್ಮೂರ ಜಾತ್ರೆಯೇ ಎದ್ದು ಬಂದಂತಿದೆ. ಬಣ್ಣಬಣ್ಣದ ಅಂಗಿ, ಒಂದು ಕಡೆ ಪಿಟೀಲು, ಒಂದು ಕಡೆ ಡ್ರಮ್ಸು, ನಡುವೆ ಗಾಯಕ ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ಕುಣಿಯುವುದು! ರಾಕ್ ಸಂಗೀತ ಅಂದರೆ ಮುಖ ಗಂಟು ಹಾಕಿಕೊಂಡು ಕರಿ ಅಂಗಿ ತೊಡಬೇಕು ಅಂತ ನಿಮ್ಮವರು ಅಂದುಕೊಂಡಿದ್ದಾಗ ಇವರು ಕುದುರೆ ತಂದರು.

ಆ ಕುದುರೆಯನ್ನು ಸ್ವಲ್ಪ ವಿಚಾರ ಮಾಡಿ ನೋಡು. ಕೀಲುಕುದುರೆ ಕಟ್ಟಿಕೊಂಡವನಿಗೆ ಭುಜದ ಮೇಲೆ ಪಟ್ಟಿಯ ಭಾರ, ಸೊಂಟದ ಸುತ್ತ ಚೌಕಟ್ಟು. ಕೆಳಗೆ ಸುತ್ತ ಬಟ್ಟೆ ಇಳಿಬಿಟ್ಟಿರುವುದರಿಂದ ಅವನ ಕಾಲು ಅವನಿಗೇ ಕಾಣುವುದಿಲ್ಲ. ಮೇಲೆ ರಾಜನ ಗತ್ತು, ಕೆಳಗೆ ಕುದುರೆಯ ಓಟ, ಎರಡೂ ಒಬ್ಬನೇ ಮಾಡಬೇಕು. ಅದರ ಮೇಲೆ ಶ್ರುತಿ ಬಿಡದೆ ಹಾಡಲೂ ಬೇಕು. ಕೆಳಗೆ ಕೂತ ಮಗು ಕೈ ತಟ್ಟಿ ನಗುತ್ತದೆ. ದಮ್ಮು ಹೋಗುವುದು ಮೇಲಿದ್ದವನದು.

ಇನ್ನೊಂದು ಲೆಕ್ಕ ನೋಡು. ಬ್ಯಾಂಡು ಹುಟ್ಟಿದ್ದು 2002ರಲ್ಲಿ ಅಂದೆನಲ್ಲ, ಅವರ ಹೆಸರಿನದೇ ಮೊದಲ ಆಲ್ಬಂ ಬಂದದ್ದು 2009ರಲ್ಲಿ. ನಡುವಿನ ಏಳು ವರ್ಷ ಎಲ್ಲಿ ಹೋಯಿತು? ಜನ ಬಂದರು, ಹೋದರು, ಕೂಡಿದರು. 2006ರಲ್ಲಿ ಬೆಂಗಳೂರಿನ ಒಂದು ರೇಡಿಯೊ ಸ್ಪರ್ಧೆ ಗೆದ್ದ ಮೇಲೆ ನಾಲ್ಕು ಜನರ ಕಿವಿಗೆ ಹೆಸರು ಬಿತ್ತು. ಆಲ್ಬಂ ಬಂದ ವರ್ಷವೇ ಬ್ರಿಟಿಷ್ ಕೌನ್ಸಿಲ್‌ನ ಯೋಜನೆಯೊಂದರಲ್ಲಿ ನಮ್ಮ ದೇಶದ ನಾಲ್ಕು ಬ್ಯಾಂಡುಗಳನ್ನು ಆರಿಸಿ ಇಂಗ್ಲೆಂಡಿಗೆ ಕರೆದುಕೊಂಡು ಹೋದರು. ಅದರಲ್ಲಿ ಇವರೂ ಒಬ್ಬರು. ಆರಿಸಿದವರು ಜಾನ್ ಲೆಕಿ. ನೀನು ಹಗಲೂ ರಾತ್ರಿ ಕೇಳುವ ರೇಡಿಯೊಹೆಡ್ ಬ್ಯಾಂಡಿನ 1995ರ ‘ದ ಬೆಂಡ್ಸ್’ ಆಲ್ಬಂ ಮಾಡಿಸಿದವರು ಇವರೇ. ಅಷ್ಟು ದೂರ ಹೋದದ್ದು ಕುದುರೆಯಿಂದ ಅಂತ ಯಾರಾದರೂ ಹೇಳಿದರೆ ನಂಬಬೇಡ. ಕುದುರೆಯಿಂದ ಜನ ತಿರುಗಿ ನೋಡುತ್ತಾರೆ, ಅಷ್ಟೇ. ಆಮೇಲೆ ಹಾಡು ನಿಲ್ಲಬೇಕು. ನೀವು ಬ್ಯಾಂಡು ಕಟ್ಟಿ ಇನ್ನೂ ವರ್ಷ ತುಂಬಿಲ್ಲ. ಯಾರೂ ಕರೆಯುತ್ತಿಲ್ಲ ಅಂತ ಮೊನ್ನೆ ಫೋನಿನಲ್ಲಿ ಮುಖ ಸಣ್ಣ ಮಾಡಿದ್ದೆಯಲ್ಲ, ಅದಕ್ಕೇ ಈ ಏಳು ವರ್ಷದ ಮಾತು.

ಇನ್ನು ನಿಮ್ಮ ಎರಡನೇ ಹಾಡಿನ ವಿಷಯ. ಅದನ್ನು ನೋಡಿ ನಿನ್ನ ಆಯಿ ನಗಲಿಲ್ಲ, ಎದ್ದು ಒಳಗೆ ಹೋದಳು. ಹಳ್ಳಿಯ ಕಾಕಾ ಒಬ್ಬ ಬೆಂಗಳೂರಿನ ಮಾಲಿಗೆ ಹೋಗಿ ಎಸ್ಕಲೇಟರ್ ಹತ್ತಲು ಹೆದರುವುದು, ಇಂಗ್ಲಿಷು ತಪ್ಪು ತಪ್ಪು ಮಾತಾಡುವುದು, ಧೋತರ ಸಿಕ್ಕಿಹಾಕಿಕೊಳ್ಳುವುದು. ನಿಮ್ಮ ಕಾಲೇಜಿನಲ್ಲಿ ಇದಕ್ಕೇ ಹೆಚ್ಚು ಚಪ್ಪಾಳೆ ಬಿತ್ತು ಅಂದೆ. ಬಿದ್ದೇ ಬೀಳುತ್ತದೆ. ಆದರೆ ಯಾರು ಯಾರನ್ನು ನೋಡಿ ನಕ್ಕರು? ನಮ್ಮ ಕಡೆಯ ಮಾತನ್ನು ಸಿನಿಮಾದವರು ಎಷ್ಟೋ ವರ್ಷ ಯಾರ ಬಾಯಿಗೆ ಹಾಕಿದರು? ಪೆಟ್ಟು ತಿನ್ನುವ ಹಾಸ್ಯದ ಪಾತ್ರಕ್ಕೆ, ಇಲ್ಲವೇ ಪ್ಯಾಟೆಗೆ ಬಂದು ಕಕ್ಕಾಬಿಕ್ಕಿಯಾದ ಆಳಿಗೆ. ನಾಯಕ ಪ್ರೀತಿ ಮಾಡುವಾಗ ಈ ಮಾತು ಬರುತ್ತಿರಲಿಲ್ಲ. ಅವರು ಮಾಡಿದ್ದನ್ನು ನಾವೇ ನಮ್ಮ ಕೈಯಾರೆ ಮಾಡಬೇಕೇನಪ್ಪ? ತ್ರೀಫೇಸ್ ಹಾಡಿನಲ್ಲೂ ನಮ್ಮ ಮಾತೇ ಇದೆ, ನಮ್ಮ ರೈತನೇ ಇದ್ದಾನೆ. ಆದರೆ ಅಲ್ಲಿ ನಗೆಗೀಡಾಗುವುದು ನಡುರಾತ್ರಿ ಕರೆಂಟು ಕೊಡುವ ವ್ಯವಸ್ಥೆ. ರೈತನಿಗೂ ಹಾವಿಗೂ ನಮ್ಮ ಪ್ರೀತಿ ಸಿಗುತ್ತದೆ. ಎರಡೂ ಹಾಡು ಬರೆದ ಕೈ ಒಂದೇ, ಒಂದು ಮೇಲಿನವರ ಕಡೆ ಹೋಯಿತು, ಇನ್ನೊಂದು ಕೆಳಗೆ ಬಿದ್ದವನ ಮೇಲೆ ಬಿತ್ತು.

ನೀನು ಹುಟ್ಟಿ ಬೆಳೆದ ತಾಲೂಕು ಯಾವುದೆಂದು ನೆನಪು ಮಾಡಿಕೊ. ಹನ್ನೆರಡನೇ ಶತಮಾನದಲ್ಲಿ ಇದೇ ಕಲ್ಯಾಣದ ಶರಣರಲ್ಲಿ ಅಂಬಿಗರ ಚೌಡಯ್ಯ ಇದ್ದ. ದೋಣಿ ನಡೆಸುವ ಕಾಯಕ. ಬೇರೆ ಶರಣರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತ ಮಾಡಿಕೊಂಡರೆ ಈತ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಹೇಳಿದ ಮಾತಿಗೆ ನಾನೇ ಜವಾಬ್ದಾರ ಅಂದ ಹಾಗೆ! ಅವನ ವ್ಯಂಗ್ಯ ಹರಿತವಾದದ್ದು, ಆದರೆ ಅದು ಬೀಳುವುದು ಡಾಂಭಿಕರ ಮೇಲೆ, ವೇಷ ಹಾಕಿ ಹೊಟ್ಟೆ ಹೊರೆಯುವ ಗುರುಗಳ ಮೇಲೆ. ಕಷ್ಟಪಟ್ಟು ದುಡಿಯುವವನನ್ನು ಅವನು ಗೇಲಿ ಮಾಡಿದ್ದನ್ನು ನಾನಂತೂ ಓದಿಲ್ಲ.

ಸ್ವರಾತ್ಮದವರ 2012ರ ಆಲ್ಬಂ ಹೆಸರು ‘ಟೋಪಿವಾಲೆ’. ಯಾರ ಮೇಲಿನ ಹಾಡು ಅಂತ ಹೆಸರೇ ಹೇಳುತ್ತದೆ, ರಾಜಕಾರಣಿಗಳ ಮೇಲೆ. ಕುಣಿದುಕೊಂಡು ಕೇಳುವಂಥ ಹಾಡು. ಅದೇ ಆಲ್ಬಂನಲ್ಲಿ ‘ಘುಮ್’ ಅಂತ ಇನ್ನೊಂದು ಹಾಡಿದೆ, ಮಕ್ಕಳ ಮೇಲೆ ನಡೆಯುವ ಲೈಂಗಿಕ ದೌರ್ಜನ್ಯದ್ದು. ಅಲ್ಲಿ ನಗೆಯ ಸುಳಿವಿಲ್ಲ. ಕೀಲುಕುದುರೆ ಕುಣಿಸಿದ ಬ್ಯಾಂಡೇ ಅದನ್ನೂ ಹಾಡಿತು, ಜನ ಅದನ್ನೂ ಕೇಳಿದರು. ನಾವು ಹಾಸ್ಯದ ಬ್ಯಾಂಡು, ಆದ್ದರಿಂದ ಎಲ್ಲದರಲ್ಲೂ ಜೋಕು ಇರಲೇಬೇಕು ಅಂತ ನೀವು ಹಟ ಹಿಡಿಯಬೇಡಿ. ಎಲ್ಲಿ ನಗಬಾರದೆಂದು ಬಲ್ಲವನ ನಗೆಗೇ ಬೆಲೆ.

ಬೆಂಗಳೂರಿನವರೇ ಇನ್ನೊಂದು ಬ್ಯಾಂಡು ‘ಥರ್ಮಲ್ ಅಂಡ್ ಎ ಕ್ವಾರ್ಟರ್’. 1996ರಲ್ಲಿ ಶುರುವಾದದ್ದು. ಹೆಸರೇ ಒಂದು ಚೇಷ್ಟೆ. ಬ್ಯಾಂಡಿನಲ್ಲಿ ಮೂರೂಕಾಲು ಮಲಯಾಳಿಗಳಿದ್ದಾರೆ ಅನ್ನುವ ಲೆಕ್ಕವನ್ನು ತಿರುಚಿ ಇಟ್ಟುಕೊಂಡದ್ದು. ಇಂಗ್ಲಿಷಿನಲ್ಲಿ ಹಾಡುತ್ತಾರೆ, ನನಗೆ ಅರ್ಧ ತಿಳಿಯುತ್ತದೆ, ಅರ್ಧ ನಿನ್ನ ಅಕ್ಕ ತಿಳಿಸುತ್ತಾಳೆ. ಮೊದಲ ಆಲ್ಬಂ ತಾವೇ ದುಡ್ಡು ಹಾಕಿ 2000ದಲ್ಲಿ ತಂದರು. 2012ರಲ್ಲಿ ಬಂದ ಮೂರು ಡಿಸ್ಕಿನ ಆಲ್ಬಂ ಆಟೋರಿಕ್ಷಾದ ಮೂರು ಗಾಲಿಯ ಮೇಲೆ ಬೆಂಗಳೂರು ಸುತ್ತುತ್ತದೆ. ದೂರದ ಲಂಡನ್ನಿನ ಮಳೆ ಬಗ್ಗೆ ಹಾಡದೆ ತಮ್ಮ ಬೀದಿಯ ಆಟೋ ಬಗ್ಗೆ ಹಾಡಿದರು. ನಿಮಗೆ ಬೀದಿ ಬೇರೆ. ಕಬ್ಬಿನ ಟ್ರ್ಯಾಕ್ಟರು, ಸೋಯಾ ದರ, ಸಂತೆಯಲ್ಲಿ ಕನ್ನಡದಲ್ಲಿ ದರ ಕೇಳಿ ಮರಾಠಿಯಲ್ಲಿ ಚೌಕಾಸಿ ಮಾಡಿ ಉರ್ದುವಿನಲ್ಲಿ ಬೈಯುವ ನಮ್ಮವರು. ಇಷ್ಟು ನಗೆ ಬೆಂಗಳೂರಿನವರಿಗೆ ಎಲ್ಲಿ ಸಿಗಬೇಕು?

ಮೂರು ಭಾಷೆ ಕಲಸಿ ಹಾಡಿದರೆ ಯಾರು ಕೇಳುತ್ತಾರೆ ಅಂತ ನಿಮ್ಮ ಡ್ರಮ್ಸ್ ಬಾರಿಸುವ ಹುಡುಗಿ ಕೇಳಿದಳಂತೆ. ಅವಳನ್ನು ಒಮ್ಮೆ ಹುಮನಾಬಾದಿನ ಮಾಣಿಕನಗರಕ್ಕೆ ಕರೆದುಕೊಂಡು ಹೋಗು. ಮಾಣಿಕಪ್ರಭುಗಳು 1817ರಲ್ಲಿ ನಮ್ಮದೇ ತಾಲೂಕಿನ ಲಾಡವಂತಿಯಲ್ಲಿ ಹುಟ್ಟಿದವರು, 1865ರಲ್ಲಿ ಮಾಣಿಕನಗರದಲ್ಲಿ ಸಮಾಧಿಯಾದರು. ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಪದ ಕಟ್ಟಿದರು. ದತ್ತ ಜಯಂತಿಯ ಹೊತ್ತಿಗೆ ಅಲ್ಲಿ ಕೂತು ಕೇಳಿದರೆ, ಭಾಷೆ ಬದಲಾದದ್ದು ಕೂತವರಲ್ಲಿ ಯಾರಿಗೂ ಅಡ್ಡಿಯಾಗಿಲ್ಲ ಅಂತ ಅವಳಿಗೇ ತಿಳಿಯುತ್ತದೆ.

ದೊಡ್ಡ ಸ್ಪೀಕರಿಲ್ಲ, ಸ್ಟುಡಿಯೊಕ್ಕೆ ದುಡ್ಡಿಲ್ಲ ಅಂತಲೂ ಬರೆದಿದ್ದೆ. ಅದಕ್ಕೊಂದು ಅಮೆರಿಕದ ಕಥೆ ಕೇಳು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಜಾನ್ ಫ್ಲಾನ್ಸ್‌ಬರ್ಗ್, ಜಾನ್ ಲಿನ್ನೆಲ್ ಅಂತ ಇಬ್ಬರು ಗೆಳೆಯರು 1982ರಲ್ಲಿ ‘ದೇ ಮೈಟ್ ಬಿ ಜೈಂಟ್ಸ್’ ಬ್ಯಾಂಡು ಕಟ್ಟಿದರು. ಒಬ್ಬನ ಕೈಯಲ್ಲಿ ಗಿಟಾರು, ಇನ್ನೊಬ್ಬನ ಕೈಯಲ್ಲಿ ನಮ್ಮ ಪೇಟಿಯ ಅಣ್ಣತಮ್ಮನಂಥ ಅಕಾರ್ಡಿಯನ್ನು. ಡ್ರಮ್ಸ್ ಬಾರಿಸುವವರಿಲ್ಲ, ಅದಕ್ಕೆ ಯಂತ್ರ. ಹಾಡುಗಳು ವಿಚಿತ್ರ, ತಮಾಷೆಯವು. ಅಷ್ಟರಲ್ಲಿ ಒಬ್ಬನ ಮನೆಗೆ ಕಳ್ಳರು ನುಗ್ಗಿದರು, ಇನ್ನೊಬ್ಬ ಸೈಕಲ್ಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ. ಕಾರ್ಯಕ್ರಮ ಕೊಡುವಂತಿಲ್ಲ. ಆಗ ಅವರು ಮನೆಯ ಫೋನಿಗಿದ್ದ ಆನ್ಸರಿಂಗ್ ಮಷಿನ್ನಿನಲ್ಲಿ ತಮ್ಮ ಹಾಡು ತುಂಬಿಟ್ಟು, ನಂಬರನ್ನು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಫೋನು ಮಾಡಿದವರಿಗೆ ಒಂದು ಹಾಡು. ಒಂದು ಹೊತ್ತಿಗೆ ಒಬ್ಬರೇ ಕೇಳಬಹುದು, ಉಳಿದವರಿಗೆ ಎಂಗೇಜು! ಫೋನು ಮಾಡಿದವರಿಗೆ ಹಳೇ ಹಾಡೇ ಕೇಳಿಸಬಾರದಲ್ಲ, ಆದ್ದರಿಂದ ಹಾಡು ಬದಲಾಯಿಸುತ್ತ, ಹೊಸದು ಬರೆಯುತ್ತ ಇರಬೇಕಾಯಿತು. 1986ರಲ್ಲಿ ಮೊದಲ ಆಲ್ಬಂ ಬರುವ ಹೊತ್ತಿಗೆ ಚಿಕ್ಕದರಲ್ಲಿ ಇಡೀ ಕಥೆ ಹೇಳುವ ಹಾಡು ಬರೆಯುವುದು ಅವರಿಗೆ ಕೈವಶವಾಗಿತ್ತು. ನಿಮ್ಮ ಫೋನಿನಲ್ಲಿ ಲಕ್ಷ ಜನ ಒಟ್ಟಿಗೇ ಕೇಳಬಹುದು. ಅದಕ್ಕಿಂತ ಕೇಳುವವನು ಒಬ್ಬನೇ ಇದ್ದಾನೆ ಅಂದುಕೊಂಡು ವಾರಕ್ಕೊಂದು ಹಾಡು ಬರೆಯಿರಿ. ಹತ್ತರಲ್ಲಿ ಒಂಬತ್ತು ಬಿಸಾಕುವಂಥದ್ದೇ ಇರುತ್ತವೆ, ಇರಲಿ.

ವ್ಯವಹಾರದ ಮಾತೂ ಹೇಳಿಬಿಡುತ್ತೇನೆ. ಮೇಳಗಳು ಒಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ, ರಾಗಕ್ಕಾಗಿ ಜಗಳಾಡಿ ಒಡೆದದ್ದು ಕಾಣೆ, ದಕ್ಷಿಣೆ ಹಂಚುವಾಗ ಒಡೆದವು. ಯಾವ ಹಾಡಿನ ಮಾತು ಯಾರದು, ರಾಗ ಯಾರದು ಅಂತ ಅವತ್ತಿನದು ಅವತ್ತೇ ನೋಟುಬುಕ್ಕಿನಲ್ಲಿ ಬರೆದು ಐವರೂ ಸಹಿ ಹಾಕಿರಿ. ಹಾಡು ಬರೆದವರ, ರಾಗ ಹಾಕಿದವರ ರಾಯಲ್ಟಿ ನೋಡಿಕೊಳ್ಳಲು ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಅಂತ 1969ರಿಂದ ಇದೆ. 2012ರಲ್ಲಿ ಕಾಪಿರೈಟ್ ಕಾಯಿದೆ ತಿದ್ದಿದ ಮೇಲೆ ಬರೆದವರ ಪಾಲಿಗೆ ಇನ್ನಷ್ಟು ಬಲ ಬಂದಿದೆ. ನಾಳೆ ಯಾರಾದರೂ ದೊಡ್ಡವರು ಬಂದು ಹೆಗಲ ಮೇಲೆ ಕೈ ಹಾಕಿ ಕಾಗದ ಮುಂದೆ ಹಿಡಿದರೆ, ಮನೆಗೆ ಒಯ್ದು ಓದಿ ಸಹಿ ಹಾಕುತ್ತೇವೆ ಅನ್ನು. ಅದನ್ನು ನಗುನಗುತ್ತಲೇ ಹೇಳು, ಆದರೆ ಅಲ್ಲಿ ಮಾತ್ರ ಜೋಕು ಬೇಡ.

ನಿಮ್ಮವ್ವನಿಗೆ ನಾನು ಏನು ಹೇಳಲಿ? ಎರಡು ಮಾತು ನಿನ್ನ ಪರವಾಗಿ ಕೊಟ್ಟಿದ್ದೇನೆ, ಉಳಿಸಿಕೊಡು. ಉಳಿದ ಸೆಮಿಸ್ಟರುಗಳನ್ನು ಒಂದೂ ವಿಷಯ ಬಾಕಿ ಇಲ್ಲದೆ ಮುಗಿಸುತ್ತಾನೆ ಅಂದಿದ್ದೇನೆ. ರಾತ್ರಿ ಹತ್ತರ ಮೇಲೆ ಆ ಮೊಟ್ಟೆ ಟ್ರೇ ಕೋಣೆಯಲ್ಲಿ ಗದ್ದಲ ಮಾಡಿ ಮನೆ ಮಾಲಕರಿಂದ ಮಾತು ಕೇಳುವುದಿಲ್ಲ ಅಂತಲೂ ಅಂದಿದ್ದೇನೆ. ಹಗಲು ತಾಲೀಮು ಮಾಡಿರಿ. ಮೊದಲು ಡ್ರಮ್ಸು, ಗಿಟಾರು ಎಲ್ಲ ಬದಿಗಿಟ್ಟು ಬರೀ ಚಪ್ಪಾಳೆಯ ಮೇಲೆ ಹಾಡು ಹೇಳಿ ನೋಡಿರಿ. ಆಗಲೂ ನಗೆ ಬಂದರೆ ಹಾಡು ಗಟ್ಟಿ.

ಕಾಕಾನ ಹಾಡನ್ನು ಪೂರ್ತಿ ಬಿಡಬೇಡ, ತಿರುಗಿಸಿ ಬರೆ. ಕಾಕಾ ಮಾಲಿಗೆ ಹೋಗಲಿ, ಎಸ್ಕಲೇಟರ್ ಮುಂದೆ ನಿಲ್ಲಲಿ. ಆದರೆ ಅಲ್ಲಿ ಒಂದು ಕಿಲೋ ತೊಗರಿ ಬೇಳೆಯ ದರದ ಚೀಟಿ ಅವನ ಕಣ್ಣಿಗೆ ಬೀಳಲಿ, ತಾನು ಕ್ವಿಂಟಲ್ಲಿಗೆ ಎಷ್ಟಕ್ಕೆ ಮಾರಿದ್ದೆ ಅಂತ ಬೆರಳೆಣಿಸಲಿ. ಆಮೇಲೆ ಅವನು ಏನನ್ನುತ್ತಾನೆ ಅನ್ನುವುದು ನಿನಗೆ ಬಿಟ್ಟದ್ದು. ಬರೆದು ಕಳಿಸು. ನಿನ್ನ ಆಯಿಗೆ ಕೇಳಿಸುತ್ತೇನೆ. ನಕ್ಕರೆ ನಕ್ಕಳು ಅಂತ ಬರೆಯುತ್ತೇನೆ, ಎದ್ದು ಒಳಗೆ ಹೋದರೆ ಅದನ್ನೂ ಬರೆಯುತ್ತೇನೆ.

ನಿನ್ನ ಗೆಳೆಯರಿಗೂ ಆ ಹುಡುಗಿಗೂ ನನ್ನ ಆಶೀರ್ವಾದ ತಿಳಿಸು. ರಜೆಗೆ ಬರುವಾಗ ಐವರೂ ಬರ್ರಿ. ಜ್ವಾಳದ ರೊಟ್ಟಿ, ಪುಂಡಿ ಪಲ್ಯ ಮಾಡಿ ಹಾಕುವುದು ಆಯಿಯ ಜವಾಬ್ದಾರಿ, ತಪ್ಪಿದ ತಾಳ ತಿದ್ದುವುದು ನನ್ನದು.

ಇತಿ ನಿನ್ನ
ಮುತ್ಯಾ